ಭೂಕಂಪನ ವಕ್ರೀಭವನ ದತ್ತಾಂಶ ಮಾದರಿಗೆ ಹೊಂದದಿದ್ದಾಗ: ದೋಷ ಹುಟ್ಟಿದ ಹಂತವನ್ನು ಪತ್ತೆಹಚ್ಚುವ ಕೈಪಿಡಿ

ನೆಲಕ್ಕೆ ಹೊಡೆದು, ಒಳಗಿನ ಪದರಗಳಲ್ಲಿ ಬಾಗಿ ಮರಳುವ ಅಲೆಗಳ ಕಾಲವನ್ನು ಅಳೆದು ಪದರಗಳ ಆಳ ಮತ್ತು ವೇಗವನ್ನು ತಿಳಿಯುವ ವಕ್ರೀಭವನ ಸಮೀಕ್ಷೆಯ ದಾಖಲೆಗಳನ್ನು ಸಾಫ್ಟ್‌ವೇರ್‌ಗೆ ಕೊಟ್ಟರೆ ಅದು ಬಹುಮಟ್ಟಿಗೆ ಯಾವಾಗಲೂ ಒಂದು ಉತ್ತರವನ್ನು ಕೊಟ್ಟೇ ಕೊಡುತ್ತದೆ. ಬಣ್ಣದ ವೇಗನಕ್ಷೆ ಪರದೆಯ ಮೇಲೆ ಮೂಡುತ್ತದೆ, ಅದರ ಕೆಳಗೆ ಆರ್‌ಎಂಎಸ್ ದೋಷದ ಅಂಕಿಯೂ (ಅಳತೆಗೂ ಮಾದರಿಯ ಲೆಕ್ಕಕ್ಕೂ ನಡುವಿನ ಒಟ್ಟಾರೆ ವ್ಯತ್ಯಾಸ) ಇರುತ್ತದೆ. ಟ್ರಿಗರ್ (ಹೊಡೆತದ ಕ್ಷಣದಲ್ಲಿ ದಾಖಲೆಯನ್ನು ಶುರುಮಾಡುವ ಸ್ವಿಚ್) ತಡವಾಗಿದ್ದರೂ, ನೆಲದ ಕಂಪನವನ್ನು ಹಿಡಿಯುವ ಜಿಯೋಫೋನ್‌ಗಳ ಸ್ಥಾನ ಹಿಂದುಮುಂದಾಗಿದ್ದರೂ, ಅಲೆಯ ಮೊದಲ ಆಗಮನವನ್ನು ಒಂದು ಆವರ್ತದಷ್ಟು (ಒಂದು ಪೂರ್ಣ ಏರಿಳಿತದಷ್ಟು) ತಪ್ಪಿ ಗುರುತಿಸಿದ್ದರೂ ಇನ್ವರ್ಷನ್ (ಅಳೆದ ಕಾಲಗಳಿಂದ ನೆಲದೊಳಗಿನ ವೇಗವನ್ನು ಹಿಮ್ಮುಖವಾಗಿ ಲೆಕ್ಕ ಹಾಕುವ ಕ್ರಮ) ತನ್ನ ಪಾಡಿಗೆ ನಡೆದು, ಆ ತಪ್ಪುಗಳನ್ನೆಲ್ಲ ನೆಲದೊಳಗಿನ ರಚನೆಯೆಂದು ಚಿತ್ರಿಸಿಬಿಡುತ್ತದೆ. ಇಂಥ ಚಿತ್ರವನ್ನು ನಂಬಿ ಅಡಿಪಾಯದ ಆಳವನ್ನೋ ಕೊಳವೆ ಕೊರೆಯುವ ಜಾಗವನ್ನೋ ನಿರ್ಧರಿಸುವವರು ಇರುವುದರಿಂದ ದೋಷವನ್ನು ಹುಡುಕುವ ಕೆಲಸವನ್ನು ಅವಸರದಲ್ಲಿ ಮುಗಿಸುವಂತಿಲ್ಲ. ಮಾದರಿಯಲ್ಲಿ ಕಾಣಿಸಿಕೊಂಡ ತೊಡಕನ್ನು ಮಾದರಿಯಲ್ಲಿಯೇ ನಯಗೊಳಿಸಿ ಮುಚ್ಚಬಾರದು. ಅದು ಯಾವ ಹಂತದಲ್ಲಿ ಹುಟ್ಟಿತೋ ಆ ಹಂತಕ್ಕೇ ಹಿಂದಿರುಗಿ ಸರಿಪಡಿಸಬೇಕು. ಈ ಬರಹದ ಉದ್ದಕ್ಕೂ ಹಿಡಿದಿರುವ ನಿಲುವು ಇದೇ.

ಉದಾಹರಣೆಗಳೆಲ್ಲ ಒಂದೇ ಏರ್ಪಾಡಿನವು: 5 ಮೀಟರ್ ಅಂತರದಲ್ಲಿ 24 ಜಿಯೋಫೋನ್‌ಗಳು, ಮೊದಲನೆಯದು 0 ಮೀಟರ್‌ನಲ್ಲಿ, ಕೊನೆಯದು 115 ಮೀಟರ್‌ನಲ್ಲಿ, ಮೂಲ ಸುತ್ತಿಗೆಯ ಹೊಡೆತ, ಅಳೆಯುವುದು ಪಿ ತರಂಗ (ಒತ್ತಡದ ಅಲೆ). ಸೈಸ್‌ಇಮೇಜರ್, ರೇಫ್ರ್ಯಾಕ್ಟ್, ರಿಫ್ಲೆಕ್ಸ್‌ಡಬ್ಲ್ಯೂ, ಮುಕ್ತವಾಗಿ ಸಿಗುವ ಪೈಜಿಮ್ಲಿ, ಇವುಗಳಲ್ಲಿ ಯಾವುದನ್ನು ಬಳಸಿದರೂ ಮೆನುಗಳ ಹೆಸರು ಬೇರೆಯಾಗಬಹುದೇ ಹೊರತು ತಪ್ಪುಗಳ ಸ್ವರೂಪ ಬೇರೆಯಾಗುವುದಿಲ್ಲ.

ಮೊದಲು ಉಳಿಕೆಗಳ ಹರಡಿಕೆಯನ್ನು ನೋಡಿ

ಅಳೆದ ಕಾಲಕ್ಕೂ ಮಾದರಿ ಲೆಕ್ಕ ಹಾಕಿದ ಕಾಲಕ್ಕೂ ನಡುವಿನ ವ್ಯತ್ಯಾಸವನ್ನು ಇಲ್ಲಿ ಉಳಿಕೆ ಎಂದು ಕರೆಯುತ್ತೇನೆ. ಹೆಚ್ಚಿನವರು ಉಳಿಕೆಗಳ ವರ್ಗಗಳ ಸರಾಸರಿಯ ವರ್ಗಮೂಲವಾದ ಆರ್‌ಎಂಎಸ್ ಅಂಕಿಯನ್ನಷ್ಟೇ ನೋಡುತ್ತಾರೆ. ಆದರೆ ದೋಷದ ಮೂಲವನ್ನು ಹೇಳುವುದು ಆ ಅಂಕಿಯಲ್ಲ, ಉಳಿಕೆಗಳು ಹೇಗೆ ಹರಡಿವೆ ಎಂಬುದು. ಆದ್ದರಿಂದ ಉಳಿಕೆಗಳನ್ನು ಎರಡು ರೀತಿಯಲ್ಲಿ ಜೋಡಿಸಿ ನೋಡಬೇಕು: ಒಮ್ಮೆ ಶಾಟ್‌ಗಳ (ಹೊಡೆತಗಳ) ಪ್ರಕಾರ, ಇನ್ನೊಮ್ಮೆ ಜಿಯೋಫೋನ್‌ಗಳ ಪ್ರಕಾರ.

ಒಂದು ಶಾಟ್‌ನ ಎಲ್ಲ ಚಾನೆಲ್‌ಗಳೂ (ಒಂದೊಂದು ಜಿಯೋಫೋನ್‌ನ ದಾಖಲೆಗಳೂ) ಒಂದೇ ಪ್ರಮಾಣದಲ್ಲಿ ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಅದು ಟ್ರಿಗರ್‌ನ ದೋಷ. ಒಂದೇ ಜಿಯೋಫೋನ್ ಎಲ್ಲ ಶಾಟ್‌ಗಳಲ್ಲಿಯೂ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ಅದರ ಸ್ಥಾನ, ಎತ್ತರ, ಜೋಡಣೆಯ ಧ್ರುವ ಅಥವಾ ಆ ಬಿಂದುವಿನ ಕೆಳಗಿರುವ ನಿಜವಾದ ಸಡಿಲ ಮಣ್ಣು ಕಾರಣ. ಒಂದು ದೂರದವರೆಗೆ ಎಲ್ಲವೂ ಸರಿಯಾಗಿದ್ದು, ಅಲ್ಲಿಂದಾಚೆಗೆ 15 ಅಥವಾ 20 ಮಿಲಿಸೆಕೆಂಡುಗಳ ಮೆಟ್ಟಿಲು ಕಂಡರೆ ಪಿಕ್ ಮಾಡುವಾಗ (ಮೊದಲ ಆಗಮನವನ್ನು ಗುರುತಿಸುವಾಗ) ಆವರ್ತ ತಪ್ಪಿದೆ. ದೂರ ಹೆಚ್ಚಿದಂತೆ ಉಳಿಕೆಯೂ ಒಂದೇ ಅನುಪಾತದಲ್ಲಿ ಬೆಳೆಯುತ್ತಾ ಹೋದರೆ ದೂರದ ಮಾನದಲ್ಲಿಯೋ ಕಾಲದ ಮಾನದಲ್ಲಿಯೋ ತಪ್ಪಿದೆ. ಯಾವ ಕ್ರಮವೂ ಇಲ್ಲದೆ ಚದುರಿದ್ದರೆ ಅದು ಗದ್ದಲದ ದಾಖಲೆ. ಅದಕ್ಕೆ ಮದ್ದು ಕಂಪ್ಯೂಟರಿನಲ್ಲಿಲ್ಲ, ಹೊಲದಲ್ಲಿ ಇನ್ನಷ್ಟು ಹೊಡೆತಗಳನ್ನು ಸ್ಟ್ಯಾಕ್ ಮಾಡುವುದರಲ್ಲಿ, ಅಂದರೆ ಅವುಗಳ ದಾಖಲೆಗಳನ್ನು ಒಂದರ ಮೇಲೊಂದು ಕೂಡಿಸುವುದರಲ್ಲಿ ಇದೆ.

ಈ ವಿಂಗಡಣೆಯನ್ನು ಮುಗಿಸದೆ ಮುಂದಿನ ಯಾವ ಪರೀಕ್ಷೆಗೂ ಕೈಹಾಕಬೇಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಒಂದು ದೋಷವನ್ನು ಸರಿಪಡಿಸುವ ಕ್ರಮವು ಇನ್ನೊಂದು ದೋಷಕ್ಕೆ ಅನ್ವಯಿಸಿದಾಗ ಹೊಸ ತಪ್ಪನ್ನೇ ಹುಟ್ಟಿಸುತ್ತದೆ.

ಫೈಲ್ ತೆರೆದಾಗಲೇ ಕಾಣುವ ತೊಂದರೆಗಳು

ಟ್ರೇಸ್‌ಗಳು (ಪ್ರತಿ ಜಿಯೋಫೋನ್ ಬರೆದ ಅಲೆಗೆರೆಗಳು) ಮುಳ್ಳುಮುಳ್ಳಾಗಿ, ನಂಬಲಾರದಷ್ಟು ದೊಡ್ಡ ಕಂಪನ ವಿಸ್ತಾರದೊಂದಿಗೆ ಕಂಡರೆ ಸಂಖ್ಯೆಗಳನ್ನು ಓದುವ ಕ್ರಮ ತಪ್ಪಿದೆ ಎಂದು ತಿಳಿಯಬೇಕು. ಭೂಕಂಪನ ದಾಖಲೆಗಳನ್ನು ಇಡುವ ಎಸ್‌ಇಜಿ-ವೈ ರೂಪದ ಫೈಲಿನಲ್ಲಿ ಐಬಿಎಂ ಮಾದರಿಯ ದಶಮಾಂಶ ಸಂಖ್ಯೆಗಳೂ ಇರಬಹುದು, ಐಇಇಇ ಮಾದರಿಯವೂ ಇರಬಹುದು. ಒಂದನ್ನು ಇನ್ನೊಂದೆಂದು ಓದಿದರೆ ಹೀಗಾಗುತ್ತದೆ. ಬೈಟ್‌ಗಳ ಕ್ರಮ ಹಿಂದುಮುಂದಾದರೂ ಇದೇ ಬಗೆಯ ಅಸ್ತವ್ಯಸ್ತ ಚಿತ್ರ ಬರುತ್ತದೆ. ಇವು ಕಣ್ಣಿಗೆ ಬೀಳುವ ದೋಷಗಳಾದ್ದರಿಂದ ಅಪಾಯ ಕಡಿಮೆ. ಅಪಾಯವಿರುವುದು ಚಿತ್ರ ಚೆನ್ನಾಗಿಯೇ ಕಂಡು, ಹೆಡರ್‌ನ (ಫೈಲಿನ ವಿವರಪಟ್ಟಿಯ) ಅಂಕಿಗಳು ಮೆಲ್ಲಗೆ ತಪ್ಪಿದಾಗ.

ಎಸ್‌ಇಜಿ-2 ರೂಪದಲ್ಲಿ ದಾಖಲಾದ ಫೈಲನ್ನು ಎಸ್‌ಇಜಿ-ವೈ ರೂಪಕ್ಕೆ ಬದಲಾಯಿಸುವ ಹಂತದಲ್ಲಿ ಮೂರು ವಿಷಯಗಳನ್ನು ವಿಶೇಷವಾಗಿ ಪರಿಶೀಲಿಸಬೇಕು. ಮಾದರಿ ತೆಗೆಯುವ ಅಂತರವನ್ನು (ಎರಡು ಸತತ ಅಳತೆಗಳ ನಡುವಿನ ಕಾಲವನ್ನು) ಎಸ್‌ಇಜಿ-ವೈ ಸಂಪ್ರದಾಯದಂತೆ ಮೈಕ್ರೋಸೆಕೆಂಡುಗಳ ಪೂರ್ಣಾಂಕವಾಗಿ ಬರೆಯಲಾಗುತ್ತದೆ, 0.125 ಮಿಲಿಸೆಕೆಂಡ್ ಆದರೆ 125 ಎಂದು ಸರಿಯಾಗಿ ಕೂರುತ್ತದೆ, ಆದರೆ 0.0625 ಮಿಲಿಸೆಕೆಂಡ್ ಅಂದರೆ 62.5 ಮೈಕ್ರೋಸೆಕೆಂಡ್ ಪೂರ್ಣಾಂಕದಲ್ಲಿ ಕೂರದೆ 62 ಅಥವಾ 63 ಆಗಿಬಿಡುತ್ತದೆ, ಆಗ ಇಡೀ ಕಾಲಮಾನ ಶೇಕಡಾ 0.8ರಷ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಎರಡನೆಯದು ಪ್ರೀ-ಟ್ರಿಗರ್. ಹೊಡೆತಕ್ಕೆ 10 ಮಿಲಿಸೆಕೆಂಡ್ ಮೊದಲೇ ದಾಖಲೆ ಶುರುವಾಗುವಂತೆ ಉಪಕರಣವನ್ನು ಹೊಂದಿಸಿದ್ದರೆ ಎಸ್‌ಇಜಿ-2 ಹೆಡರ್‌ನಲ್ಲಿ ಆ ವಿಳಂಬ ಋಣ ಸಂಖ್ಯೆಯಾಗಿ, ಸೆಕೆಂಡುಗಳಲ್ಲಿ ಇರುತ್ತದೆ. ಪರಿವರ್ತನೆಯಲ್ಲಿ ಅದು ಕಳೆದುಹೋದರೆ ಎಲ್ಲ ಕಾಲಗಳೂ 10 ಮಿಲಿಸೆಕೆಂಡ್ ಹೆಚ್ಚಾಗುತ್ತವೆ, ಚಿಹ್ನೆ ತಿರುಗಿದರೆ 20 ಮಿಲಿಸೆಕೆಂಡ್ ಹೆಚ್ಚಾಗುತ್ತವೆ. ಮೂರನೆಯದು ಸ್ಥಾನಗಳ ಅಳತೆ. ಎಸ್‌ಇಜಿ-ವೈ ಹೆಡರ್ ಸ್ಥಾನಗಳನ್ನೂ ಪೂರ್ಣಾಂಕಗಳಾಗಿಯೇ ಇಟ್ಟು, ಭಾಗಿಸಬೇಕಾದ ಅಂಕಿಯನ್ನು ಬೇರೆಯಾಗಿ ಹೇಳುತ್ತದೆ. ಆ ಅಂಕಿಯನ್ನು ಓದದ ಸಾಫ್ಟ್‌ವೇರ್‌ಗೆ 2.5 ಮೀಟರ್ ಎಂಬುದು 250 ಮೀಟರ್ ಆಗಿ ಕಾಣುತ್ತದೆ, ಬರೆಯುವ ಸಾಫ್ಟ್‌ವೇರ್ ಅದನ್ನು ಬಿಟ್ಟಿದ್ದರೆ 2.5 ಮೀಟರ್ 2 ಅಥವಾ 3 ಮೀಟರ್ ಆಗಿ ಉಳಿಯುತ್ತದೆ. ಕೊನೆಯ ಈ ತಪ್ಪು ಬಹಳ ಮೋಸದ್ದು, ಏಕೆಂದರೆ ಜಿಯೋಫೋನ್‌ಗಳು 2.5 ಮೀಟರ್ ಅಂತರದಲ್ಲಿದ್ದಾಗ ಸಾಲಿನ ಒಟ್ಟು ಉದ್ದ ಹೆಚ್ಚುಕಡಿಮೆ ಸರಿಯಾಗಿಯೇ ಕಂಡು, ಪ್ರತಿ ಎರಡನೆಯ ಜಿಯೋಫೋನ್ ಮಾತ್ರ ಅರ್ಧ ಮೀಟರ್ ಜರುಗಿರುತ್ತದೆ.

ಸಾಧ್ಯವಿದ್ದಲ್ಲಿ ಉಪಕರಣ ಬರೆದ ಮೂಲ ಫೈಲನ್ನೇ ನೇರವಾಗಿ ತೆರೆಯಿರಿ, ಆ ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ಬದಲಾಯಿಸದೆ ಬೇರೆ ಇಟ್ಟಿರಿ.

ಕಾಲರೇಖೆಯ ತುದಿ ಶಾಟ್ ಇದ್ದಲ್ಲಿ ಇಲ್ಲ

ದೂರವನ್ನು ಅಡ್ಡಕ್ಕೂ ಮೊದಲ ಆಗಮನದ ಕಾಲವನ್ನು ಲಂಬಕ್ಕೂ ಹಾಕಿದಾಗ ಪ್ರತಿಯೊಂದು ಶಾಟ್‌ನ ಕಾಲರೇಖೆಯೂ ಶಾಟ್ ಇರುವ ಬಿಂದುವಿನಲ್ಲಿ ಕನಿಷ್ಠವಾಗಿರಬೇಕು. ಶಾಟ್ 0 ಮೀಟರ್‌ನಲ್ಲಿದೆ ಎಂದು ಬರೆದಿದ್ದು, ಕನಿಷ್ಠ ಕಾಲ 115 ಮೀಟರ್‌ನಲ್ಲಿ ಕಂಡರೆ ಕೇಬಲ್‌ನ ದಿಕ್ಕು ತಿರುಗಿದೆ ಅಥವಾ ಹೊಲದ ಪುಸ್ತಕದಲ್ಲಿ ಶಾಟ್‌ಗಳ ಕ್ರಮ ತಲೆಕೆಳಗಾಗಿದೆ. ಈ ಪರೀಕ್ಷೆಗೆ ನಡುವಿನ ಶಾಟ್ ಪ್ರಯೋಜನಕ್ಕೆ ಬಾರದು: 57.5 ಮೀಟರ್‌ನ ಶಾಟ್ ಸಾಲಿನ ಸರಿಮಧ್ಯದಲ್ಲಿರುವುದರಿಂದ ಚಾನೆಲ್‌ಗಳನ್ನು ತಿರುಗಿಸಿದರೂ ಕನಿಷ್ಠ ಬಿಂದು ಅಲ್ಲಿಯೇ ಉಳಿಯುತ್ತದೆ. ತುದಿಯ ಶಾಟ್‌ಗಳನ್ನೇ ನೋಡಬೇಕು.

ಅಡಿ ಮತ್ತು ಮೀಟರ್ ಬೆರೆತಾಗ ವೇಗಗಳೆಲ್ಲ 3.28 ಪಟ್ಟು ಹೆಚ್ಚುತ್ತವೆ ಅಥವಾ ಅಷ್ಟೇ ಪಟ್ಟು ತಗ್ಗುತ್ತವೆ. ನೀರು ತುಂಬಿದ ಸಡಿಲ ನಿಕ್ಷೇಪದಲ್ಲಿ ಪಿ ತರಂಗದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಇರುತ್ತದೆ. ಅಂತರ್ಜಲ ಮೇಲ್ಮಟ್ಟದಲ್ಲಿದೆ ಎಂದು ಗೊತ್ತಿರುವ ಜಾಗದಲ್ಲಿ ಅದರ ಬದಲಿಗೆ 460ರ ಆಸುಪಾಸು ಅಥವಾ 4900ರ ಆಸುಪಾಸು ಬಂದರೆ ಮಾನವನ್ನು ಮೊದಲು ಅನುಮಾನಿಸಿ. ಇಳಿಜಾರಿನ ನೆಲದಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ ಎಳೆದ ಅಳತೆಯನ್ನು ಸಾಫ್ಟ್‌ವೇರ್ ಸಮತಲದ ದೂರವೆಂದು ತಿಳಿಯುವುದೂ ಉಂಟು. 30 ಡಿಗ್ರಿ ಇಳಿಜಾರಿನಲ್ಲಿ 5 ಮೀಟರ್ ಟೇಪಿನ ಅಳತೆಗೆ ಸಮತಲದ ದೂರ 4.33 ಮೀಟರ್ ಮಾತ್ರ.

ಎತ್ತರದ ತಪ್ಪು ಒಂದೇ ಜಿಯೋಫೋನ್‌ಗೆ ಅಂಟಿಕೊಂಡಿರುತ್ತದೆ. ಮೇಲ್ಪದರದ ವೇಗ ಸೆಕೆಂಡಿಗೆ 400 ಮೀಟರ್ ಇದ್ದರೆ 1 ಮೀಟರ್ ಎತ್ತರದ ತಪ್ಪು ಸುಮಾರು 2.5 ಮಿಲಿಸೆಕೆಂಡುಗಳ ಉಳಿಕೆಯಾಗಿ ಎಲ್ಲ ಶಾಟ್‌ಗಳಲ್ಲಿಯೂ ಕಾಣುತ್ತದೆ. ಆ ಬಿಂದುವಿನ ಎತ್ತರವನ್ನು ಮತ್ತೆ ಪರಿಶೀಲಿಸಿ ಸರಿಯೆಂದು ಖಚಿತವಾದ ಮೇಲೆಯೇ ಅಲ್ಲಿ ಸಡಿಲ ಮಣ್ಣಿನ ಗುಂಡಿ ಇದೆಯೆಂದು ಬರೆಯಬಹುದು.

ಟ್ರಿಗರ್‌ನ ದೋಷ

ಮೇಲ್ಪದರದ ದಪ್ಪ 5 ಮೀಟರ್, ಅದರ ವೇಗ ಸೆಕೆಂಡಿಗೆ 400 ಮೀಟರ್, ಕೆಳಗಿನದರ ವೇಗ 2000 ಮೀಟರ್ ಎಂದಿಟ್ಟುಕೊಳ್ಳೋಣ. ಎರಡನೆಯ ಪದರದ ರೇಖೆಯನ್ನು ಶೂನ್ಯ ದೂರದವರೆಗೆ ಹಿಂದಕ್ಕೆ ಎಳೆದಾಗ ಸಿಗುವ ಛೇದಕಾಲ 24.5 ಮಿಲಿಸೆಕೆಂಡ್ ಆಗಬೇಕು. ಸುತ್ತಿಗೆಯ ಸ್ವಿಚ್ ಸಡಿಲವಾಗಿದ್ದು ದಾಖಲೆ 3 ಮಿಲಿಸೆಕೆಂಡ್ ತಡವಾಗಿ ಶುರುವಾದರೆ ಎಲ್ಲ ಕಾಲಗಳೂ 3 ಮಿಲಿಸೆಕೆಂಡ್ ಕಡಿಮೆಯಾಗಿ, ಛೇದಕಾಲ 21.5ಕ್ಕೆ ಇಳಿದು, ಲೆಕ್ಕದ ಆಳ 4.4 ಮೀಟರ್ ಆಗುತ್ತದೆ. ರೇಖೆಯ ಇಳಿಜಾರು ಬದಲಾಗದಿರುವುದರಿಂದ ವೇಗದ ಅಂಕಿಗಳು ಮಾತ್ರ ಸಂಪೂರ್ಣ ಸರಿಯಾಗಿ ಕಾಣುತ್ತವೆ, ಆದ್ದರಿಂದ ವೇಗ ಸರಿಬಂದಿದೆ ಎಂಬ ಕಾರಣಕ್ಕೆ ಆಳವನ್ನೂ ನಂಬಬಾರದು. ಈ ಉದಾಹರಣೆಯಲ್ಲಿ ಪ್ರತಿ 1 ಮಿಲಿಸೆಕೆಂಡ್ ತಪ್ಪಿಗೆ ಆಳ 20 ಸೆಂಟಿಮೀಟರ್‌ನಷ್ಟು ಜರುಗುತ್ತದೆ. ಮೇಲ್ಪದರ 1500 ಮತ್ತು ಕೆಳಪದರ 4500 ಮೀಟರ್ ವೇಗದವಾದರೆ ಅದೇ 1 ಮಿಲಿಸೆಕೆಂಡಿಗೆ 80 ಸೆಂಟಿಮೀಟರ್ ಜರುಗುತ್ತದೆ. ಮೇಲಿನ ಪದರ ವೇಗದ್ದಾದಷ್ಟೂ ಕಾಲದ ತಪ್ಪು ದುಬಾರಿಯಾಗುತ್ತದೆ.

ಇದನ್ನು ಹಿಡಿಯುವ ಅತ್ಯುತ್ತಮ ಸಾಧನ ಪರಸ್ಪರ ಕಾಲದ ಹೋಲಿಕೆ. 0 ಮೀಟರ್‌ನಲ್ಲಿ ಹೊಡೆದು 115 ಮೀಟರ್‌ನಲ್ಲಿ ಅಳೆದ ಕಾಲವೂ, 115 ಮೀಟರ್‌ನಲ್ಲಿ ಹೊಡೆದು 0 ಮೀಟರ್‌ನಲ್ಲಿ ಅಳೆದ ಕಾಲವೂ ಒಂದೇ ಆಗಿರಬೇಕು, ನೆಲದೊಳಗೆ ಎಷ್ಟೇ ಸಂಕೀರ್ಣ ರಚನೆಯಿದ್ದರೂ ಸರಿ. ಮೇಲಿನ ಮಾದರಿಯಲ್ಲಿ ಅದು 82 ಮಿಲಿಸೆಕೆಂಡ್. ಒಂದು ದಿಕ್ಕಿನಲ್ಲಿ 82, ಇನ್ನೊಂದು ದಿಕ್ಕಿನಲ್ಲಿ 79 ಬಂದರೆ ದೋಷ ಭೂಮಿಯದಲ್ಲ, ದಾಖಲೆಯದು. ಇಂಥ ಆಳವಿಲ್ಲದ ಸಮೀಕ್ಷೆಯಲ್ಲಿ 1 ಮಿಲಿಸೆಕೆಂಡಿನ ಒಳಗಿನ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. 2 ದಾಟಿದರೆ ಕಾರಣ ಸಿಗುವವರೆಗೂ ಇನ್ವರ್ಷನ್ ನಡೆಸುವುದಿಲ್ಲ.

ಆದರೆ ಪರಸ್ಪರ ಕಾಲವು ಎರಡು ಶಾಟ್‌ಗಳ ತಪ್ಪುಗಳ ನಡುವಿನ ಅಂತರವನ್ನು ಮಾತ್ರ ಹೇಳುತ್ತದೆ, ಯಾವುದು ಸರಿ ಯಾವುದು ತಪ್ಪು ಎಂಬುದನ್ನಲ್ಲ. ಎಲ್ಲ ಶಾಟ್‌ಗಳೂ ಒಂದೇ ಸಮನೆ 3 ಮಿಲಿಸೆಕೆಂಡ್ ತಡವಾಗಿದ್ದರೆ ಈ ಹೋಲಿಕೆಗೆ ಏನೂ ಸಿಗುವುದಿಲ್ಲ. ಅದಕ್ಕೆ ಶಾಟ್‌ಗೆ ಹತ್ತಿರದ ಎರಡು ಮೂರು ಜಿಯೋಫೋನ್‌ಗಳ ನೇರ ತರಂಗವನ್ನು ನೋಡಬೇಕು. ಆ ರೇಖೆ ಶೂನ್ಯ ದೂರದಲ್ಲಿ ಋಣ ಕಾಲವನ್ನು ತೋರಿಸಿದರೆ ದಾಖಲೆ ತಡವಾಗಿ ಶುರುವಾಗಿರುವುದು ಖಚಿತ. ಧನ ಕಾಲವನ್ನು ತೋರಿಸಿದರೆ ತೀರ್ಮಾನ ಅಷ್ಟು ಸುಲಭವಲ್ಲ, ಏಕೆಂದರೆ ಉಳುಮೆಯ ಮಣ್ಣಿನಂಥ ತೆಳುವಾದ ನಿಧಾನದ ಪದರವೊಂದು ಮೇಲೆ ಇದ್ದರೂ ಹಾಗೆಯೇ ಆಗುತ್ತದೆ. ಶಾಟ್‌ನಿಂದ 1 ಮೀಟರ್ ದೂರದಲ್ಲಿ ಇನ್ನೊಂದು ಜಿಯೋಫೋನ್ ಇಟ್ಟು ದಾಖಲಿಸಿದ್ದರೆ ಮಾತ್ರ ಇವೆರಡನ್ನೂ ಬೇರ್ಪಡಿಸಬಹುದು.

1959ರಲ್ಲಿ ಹಾಗೆಡೋರ್ನ್ ಪ್ರಕಟಿಸಿದ ಪ್ಲಸ್-ಮೈನಸ್ ವಿಧಾನವನ್ನು ಬಳಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ಲಸ್ ಕಾಲವೆಂದರೆ ಎರಡು ತುದಿಗಳಿಂದ ಒಂದು ಜಿಯೋಫೋನ್‌ಗೆ ಬಂದ ಕಾಲಗಳ ಮೊತ್ತದಿಂದ ಪರಸ್ಪರ ಕಾಲವನ್ನು ಕಳೆದದ್ದು. ಒಂದು ತುದಿಯ ಶಾಟ್ ಮಾತ್ರ ತಪ್ಪಿದ್ದು, ಪರಸ್ಪರ ಕಾಲವನ್ನೂ ಅದೇ ಶಾಟ್‌ನಿಂದ ತೆಗೆದುಕೊಂಡರೆ ತಪ್ಪು ಕಳೆದುಹೋಗುತ್ತದೆ. ಇನ್ನೊಂದು ಶಾಟ್‌ನಿಂದ ತೆಗೆದುಕೊಂಡರೆ ಪೂರ್ಣವಾಗಿ ಉಳಿಯುತ್ತದೆ. ಎರಡರ ಸರಾಸರಿ ತೆಗೆದರೆ ಅರ್ಧ ಉಳಿದು, ಸಾಲಿನುದ್ದಕ್ಕೂ ಆಳವನ್ನು ಒಂದೇ ಪ್ರಮಾಣದಲ್ಲಿ ಜರುಗಿಸುತ್ತದೆ. ಸಾಫ್ಟ್‌ವೇರ್ ಇವುಗಳಲ್ಲಿ ಯಾವುದನ್ನು ಮಾಡುತ್ತಿದೆ ಎಂದು ತಿಳಿದುಕೊಂಡಿರಬೇಕು.

ಸ್ಟ್ಯಾಕ್ ಮಾಡಿದ ದಾಖಲೆಯಲ್ಲಿ ಹೊಡೆತದಿಂದ ಹೊಡೆತಕ್ಕೆ ಟ್ರಿಗರ್ ಅಲುಗಾಡಿದ್ದರೆ ಸರಿಪಡಿಸುವ ದಾರಿಯೇ ಇಲ್ಲ. ಮೊದಲ ಆಗಮನದ ಮೊನೆ ಮೊಂಡಾಗಿ, ಹತ್ತಿರದ ಜಿಯೋಫೋನ್‌ಗಳಲ್ಲಿಯೂ ಆರಂಭ ಅಸ್ಪಷ್ಟವಾಗಿರುವುದು ಇದರ ಗುರುತು. ಪ್ರತಿ ಹೊಡೆತವನ್ನೂ ಬೇರೆ ಬೇರೆ ಫೈಲಾಗಿ ಉಳಿಸಿಕೊಂಡವರು ಮಾತ್ರ ಅವುಗಳನ್ನು ಹೊಂದಿಸಿ ಮತ್ತೆ ಸೇರಿಸಬಲ್ಲರು.

ಪಿಕ್ ಮಾಡುವಲ್ಲಿನ ದೋಷಗಳು

ಎಲ್ಲ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಇಲ್ಲಿಯೇ ಆಗುತ್ತದೆ. ದೂರದ ಜಿಯೋಫೋನ್‌ಗಳಲ್ಲಿ ಮೊದಲ ಅಲೆ ಬಹಳ ಕ್ಷೀಣವಾಗಿದ್ದು, ಅದರ ಹಿಂದೆ ಬರುವ ದೊಡ್ಡ ಅಲೆಯೇ ಕಣ್ಣಿಗೆ ಬೀಳುತ್ತದೆ. ತರಂಗದ ಮುಖ್ಯ ಆವೃತ್ತಿ 50 ಹರ್ಟ್ಸ್ ಆದರೆ ಒಂದು ಆವರ್ತ 20 ಮಿಲಿಸೆಕೆಂಡ್. ಕಾಲರೇಖೆ ಒಂದು ಜಿಯೋಫೋನ್‌ನಿಂದ ಮುಂದಿನದಕ್ಕೆ ಅಷ್ಟು ನೆಗೆದರೆ ಅದನ್ನು ಸ್ತರಭಂಗವೆಂದು ಓದುವ ಮೊದಲು ಟ್ರೇಸ್‌ನ ಕಂಪನ ವಿಸ್ತಾರವನ್ನು ಹಲವು ಪಟ್ಟು ಹಿಗ್ಗಿಸಿ, ಮುಂಚಿತವಾಗಿ ಸಣ್ಣ ಅಲೆಯೊಂದು ಅಡಗಿದೆಯೇ ಎಂದು ನೋಡಿ. ಒಂದು ಪರೀಕ್ಷೆ ಬಹಳ ನೆರವಿಗೆ ಬರುತ್ತದೆ: ನಿಜವಾದ ಸ್ತರಭಂಗದ ಮೆಟ್ಟಿಲು ಎರಡೂ ದಿಕ್ಕಿನ ಶಾಟ್‌ಗಳಲ್ಲಿ ನೆಲದ ಒಂದೇ ಜಾಗದ ಆಸುಪಾಸಿನಲ್ಲಿ ಕಾಣುತ್ತದೆ, ಆವರ್ತ ತಪ್ಪಿದ ಮೆಟ್ಟಿಲು ಶಾಟ್‌ನಿಂದ ಒಂದೇ ದೂರದಲ್ಲಿ ಕಾಣುತ್ತದೆ.

ಪಿಕ್ ಇಡಬೇಕಾದುದು ಅಲೆ ಏಳುವ ಬಿಂದುವಿನಲ್ಲಿಯೇ ಹೊರತು ಅದರ ಶಿಖರದಲ್ಲಲ್ಲ. ತಾನೇ ಪಿಕ್ ಮಾಡುವ ಸಾಫ್ಟ್‌ವೇರ್ ಒಂದು ಮಿತಿಯನ್ನು ದಾಟಿದ ಬಿಂದುವನ್ನು ಹಿಡಿಯುವುದರಿಂದ, ಅಲೆ ಕ್ಷೀಣಿಸಿದಂತೆಲ್ಲ ಪಿಕ್ ತಡವಾಗುತ್ತಾ ಹೋಗಿ ದೂರದ ವೇಗ ತುಸು ಕಡಿಮೆಯಾಗಿ ಕಾಣುತ್ತದೆ. ಸ್ವಯಂ ಪಿಕ್ ಅನ್ನು ಆರಂಭಕ್ಕೆ ಬಳಸಿಕೊಳ್ಳಿ, ಆದರೆ ಪ್ರತಿ ಟ್ರೇಸ್ ಅನ್ನೂ ಕಣ್ಣಾರೆ ನೋಡಿ ಸರಿಪಡಿಸಿ. ಧ್ರುವ ತಿರುಗಿದ ಜಿಯೋಫೋನ್ ಇದ್ದರೆ ನೆರೆಯ ಟ್ರೇಸ್‌ಗಳಲ್ಲಿ ಮೊದಲ ಅಲೆ ಒಂದು ಕಡೆ ಏಳುವಾಗ ಅದು ಮಾತ್ರ ಎದುರು ಕಡೆ ಏಳುತ್ತದೆ, ಆಗ ಪಿಕ್ ಅರ್ಧ ಆವರ್ತ ತಪ್ಪುವ ಸಂಭವವಿದೆ. ಆ ಚಾನೆಲ್ ಅನ್ನು ಋಣ ಒಂದರಿಂದ ಗುಣಿಸಿದರೆ ಸಾಕು.

ಫಿಲ್ಟರ್‌ಗಳ ಬಗ್ಗೆ ಎಚ್ಚರಿಕೆ ಬೇಕು. ಝೀರೋ-ಫೇಸ್ ಫಿಲ್ಟರ್ ಅಲೆಯ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹರಡುವುದರಿಂದ ಮೊದಲ ಆಗಮನಕ್ಕಿಂತ ಮುಂಚೆಯೇ ಸಣ್ಣ ಅಲೆಗಳು ಹುಟ್ಟಿಕೊಂಡು ಪಿಕ್ ಬೇಗನೆ ಬೀಳುತ್ತದೆ. ಮಿನಿಮಮ್-ಫೇಸ್ ಫಿಲ್ಟರ್ ಏಳುವ ಬಿಂದುವನ್ನು ತಡಮಾಡುತ್ತದೆ. ವಿದ್ಯುತ್ ತಂತಿಯ 50 ಅಥವಾ 60 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ತೆಗೆಯಲು ಬಳಸುವ ಕಿರಿದಾದ ನಾಚ್ ಫಿಲ್ಟರ್ ತನ್ನದೇ ಆದ ದೀರ್ಘ ಅನುರಣನವನ್ನು ಬಿಟ್ಟುಹೋಗುತ್ತದೆ. ಫಿಲ್ಟರ್ ಹಾಕಿದ ಚಿತ್ರವನ್ನು ಅಲೆ ಎಲ್ಲಿದೆಯೆಂದು ಗುರುತಿಸಲು ನೋಡಿ, ಪಿಕ್ ಅನ್ನು ಮೂಲ ದಾಖಲೆಯ ಮೇಲೆ ಇಡುವುದು ನನ್ನ ಸಲಹೆ. ಅದು ಸಾಧ್ಯವೇ ಆಗದಿದ್ದರೆ ಎಲ್ಲ ಶಾಟ್‌ಗಳಿಗೂ ಎಲ್ಲ ಚಾನೆಲ್‌ಗಳಿಗೂ ಒಂದೇ ಫಿಲ್ಟರ್ ಹಾಕಿ.

ಎಲ್ಲ ಚಾನೆಲ್‌ಗಳಲ್ಲಿಯೂ ಒಂದೇ ಕ್ಷಣದಲ್ಲಿ, ಶೂನ್ಯದ ಹತ್ತಿರ ಕಾಣುವ ಚೂಪಾದ ಮುಳ್ಳು ನೆಲದಿಂದ ಬಂದದ್ದಲ್ಲ. ಟ್ರಿಗರ್‌ನ ತಂತಿಯಿಂದ ಜಿಯೋಫೋನ್ ಕೇಬಲ್‌ಗೆ ಸೋರಿದ ವಿದ್ಯುತ್ ಸಂಕೇತ. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ನೆಟ್ಟಗೆ ಸಾಗುವ, ಹೆಚ್ಚಿನ ಆವೃತ್ತಿಯ ಅಲೆ ಗಾಳಿಯಲ್ಲಿ ಬಂದ ಸದ್ದು. ಒಣಗಿದ ಸಡಿಲ ಮರಳಿನಲ್ಲಿ ನೆಲದ ವೇಗ ಇದಕ್ಕಿಂತಲೂ ಕಡಿಮೆ ಇರಬಹುದಾದ್ದರಿಂದ ಶಾಟ್‌ನ ಹತ್ತಿರ ಗಾಳಿಯ ಸದ್ದೇ ಮೊದಲು ತಲುಪಿ, ಮೇಲ್ಪದರಕ್ಕೆ 340 ಎಂಬ ವೇಗವನ್ನು ಅಂಟಿಸಿಬಿಡುತ್ತದೆ.

ಕೆಟ್ಟುಹೋದ ಚಾನೆಲ್‌ನ ಪಿಕ್ ಅನ್ನು ಅಳಿಸಿಹಾಕಬೇಕು, ಶೂನ್ಯ ಬರೆದು ಬಿಡಬಾರದು. ಕೆಲವು ಸಾಫ್ಟ್‌ವೇರ್‌ಗಳು ಶೂನ್ಯವನ್ನು ನಿಜವಾದ ಕಾಲವೆಂದೇ ಪರಿಗಣಿಸುತ್ತವೆ.

ವೇಗ ನಂಬಲಾಗದಷ್ಟು ಹೆಚ್ಚು ಬಂದಾಗ

ಒಂದೇ ದಿಕ್ಕಿನ ಶಾಟ್‌ನಿಂದ ಸಿಕ್ಕ ವೇಗ ನಿಜವಾದ ವೇಗವಲ್ಲ, ತೋರಿಕೆಯ ವೇಗ ಮಾತ್ರ. ಮೇಲ್ಪದರ 400, ಕೆಳಪದರ ಸುಮಾರು 2000 ಮೀಟರ್ ವೇಗದ್ದಾಗಿದ್ದು ಅವುಗಳ ನಡುವಿನ ಮೇಲ್ಮೈ ಬರೇ 3 ಡಿಗ್ರಿ ಓರೆಯಾಗಿದ್ದರೂ ಇಳಿಮುಖದಲ್ಲಿ 1600, ಏರುಮುಖದಲ್ಲಿ 2700 ಕಾಣುತ್ತದೆ. ಎರಡರ ಸಾಮಾನ್ಯ ಸರಾಸರಿಯಾದ 2150 ತಪ್ಪು. ಹರಾತ್ಮಕ ಸರಾಸರಿಯನ್ನು ಓರೆಯ ಕೊಸೈನ್‌ನಿಂದ ಗುಣಿಸಿದಾಗ ಸಿಗುವ 2007 ಸರಿ. ಗಟ್ಟಿಯಾದ ಗ್ರಾನೈಟ್‌ನಲ್ಲಿಯೂ ವೇಗ ಸೆಕೆಂಡಿಗೆ 6000 ಮೀಟರ್‌ನ ಆಸುಪಾಸಿನಲ್ಲಿ ನಿಲ್ಲುವುದರಿಂದ, ಒಂದು ಕಡೆಯಿಂದ 9000 ಬಂದರೆ ಎದುರು ದಿಕ್ಕಿನ ಶಾಟ್‌ನಲ್ಲಿ ಅದೇ ಜಾಗದ ಇಳಿಜಾರನ್ನು ನೋಡದೆ ಏನನ್ನೂ ಹೇಳಬಾರದು.

ಒಂದೇ ಕಡೆಯಿಂದ ಹೊಡೆದ ಎರಡು ಶಾಟ್‌ಗಳು, ಒಂದು ಸಾಲಿನ ತುದಿಯಲ್ಲಿ, ಇನ್ನೊಂದು ಅದರಾಚೆ ದೂರದಲ್ಲಿ, ಒಂದೇ ಪದರದಿಂದ ಬಂದ ಭಾಗದಲ್ಲಿ ಸಮಾನಾಂತರವಾಗಿರಬೇಕು. ಸಮಾನಾಂತರವಿದ್ದರೆ ರೇಖೆಯ ಏರುತಗ್ಗುಗಳು ಜಿಯೋಫೋನ್‌ಗಳ ಕೆಳಗಿನ ರಚನೆಯಿಂದ ಬಂದವು. ದೂರದ ಶಾಟ್‌ನ ರೇಖೆ ಕಡಿಮೆ ಇಳಿಜಾರಿನದಾಗಿದ್ದರೆ ಅದು ಇನ್ನೂ ಆಳದ, ಹೆಚ್ಚು ವೇಗದ ಪದರವನ್ನು ಕಂಡಿದೆ, ಅಥವಾ ಆಳ ಹೆಚ್ಚಿದಂತೆ ವೇಗವೂ ಏರುತ್ತಾ ಹೋಗುವ ಶಿಥಿಲ ಶಿಲೆ ಅಲ್ಲಿದೆ. ಪದರಗಳಿಗೆ ಬಿಂದುಗಳನ್ನು ಹಂಚುವ ಮೊದಲು ಇಷ್ಟನ್ನು ನೋಡಿಕೊಂಡರೆ ಎರಡನೆಯ ಪದರದ ಬಿಂದುಗಳನ್ನು ಮೂರನೆಯದಕ್ಕೆ ಸೇರಿಸುವ ತಪ್ಪು ಬಹುಪಾಲು ತಪ್ಪುತ್ತದೆ.

ಎಲ್ಲವೂ ಹೊಂದಿದೆ, ಆದರೂ ಆಳ ಕೊಳವೆಗೆ ಹೊಂದುತ್ತಿಲ್ಲ

ದತ್ತಾಂಶದಲ್ಲಿ ಯಾವ ತಪ್ಪೂ ಇಲ್ಲದಿದ್ದರೂ ವಿಧಾನದ ಮಿತಿಯಿಂದಲೇ ಆಳ ತಪ್ಪಬಹುದು. 5 ಮೀಟರ್ ಒಣಮಣ್ಣು 400ರ ವೇಗದ್ದು, ಅದರ ಕೆಳಗೆ 5 ಮೀಟರ್ ನೀರು ತುಂಬಿದ ಪದರ 1500ರ ವೇಗದ್ದು, ಅದರಡಿ 10 ಮೀಟರ್ ಆಳದಲ್ಲಿ 4500ರ ವೇಗದ ಶಿಲೆ ಇದೆಯೆನ್ನಿ. ಲೆಕ್ಕ ಹಾಕಿದರೆ ನಡುವಿನ ಪದರದ ತರಂಗ ಮೊದಲಾಗಿ ತಲುಪುವುದು ಶಾಟ್‌ನಿಂದ 13.1 ಮೀಟರ್‌ನಿಂದ 16 ಮೀಟರ್‌ವರೆಗೆ ಮಾತ್ರ. 5 ಮೀಟರ್ ಅಂತರದ ಸಾಲಿನಲ್ಲಿ ಆ ಕಿಟಕಿಯೊಳಗೆ ಬೀಳುವುದು 15 ಮೀಟರ್‌ನ ಒಂದೇ ಜಿಯೋಫೋನ್. ಅಲ್ಲಿ ನಡುವಿನ ಪದರದ ತರಂಗ 34.1 ಮಿಲಿಸೆಕೆಂಡಿಗೆ, ಶಿಲೆಯ ತರಂಗ 34.5 ಮಿಲಿಸೆಕೆಂಡಿಗೆ ತಲುಪುತ್ತದೆ. ಆ 0.4 ಮಿಲಿಸೆಕೆಂಡನ್ನು ಯಾರ ಕಣ್ಣೂ ಬೇರ್ಪಡಿಸಲಾರದು. ಎರಡೇ ಪದರಗಳೆಂದು ಬಗೆದ ಸಾಫ್ಟ್‌ವೇರ್ ಶಿಲೆಯನ್ನು 6.3 ಮೀಟರ್‌ನಲ್ಲಿ ತೋರಿಸುತ್ತದೆ, ಆರ್‌ಎಂಎಸ್ ಅಂಕಿಯೂ ಬಹಳ ಚಿಕ್ಕದಿರುತ್ತದೆ. ನಿಜವಾದ ಆಳಕ್ಕೂ ಅದಕ್ಕೂ 3.7 ಮೀಟರ್ ವ್ಯತ್ಯಾಸ.

ಹೀಗೆ ಮರೆಯಾದ ನಡುವೇಗದ ಪದರ ಆಳವನ್ನು ಕಡಿಮೆ ತೋರಿಸಿದರೆ, ವೇಗದ ಪದರದ ಕೆಳಗೆ ನಿಧಾನದ ಪದರವಿರುವ ಸಂದರ್ಭ ಆಳವನ್ನು ಹೆಚ್ಚು ತೋರಿಸುತ್ತದೆ. ನಿಧಾನದ ಪದರದ ಮೇಲ್ಮೈಯಿಂದ ಕ್ರಾಂತಿಕೋನದ ವಕ್ರೀಭವನವೇ (ಅಲೆ ಪದರದ ಮೇಲ್ಮೈಗುಂಟ ಸಾಗಿ ಮೇಲಕ್ಕೆ ಮರಳುವ ಬಾಗುವಿಕೆಯೇ) ಆಗದಿರುವುದರಿಂದ ಅದು ಕಾಲರೇಖೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಕೊಳವೆ ಬಾವಿಯಿಂದ ನೀರಿನ ಮಟ್ಟ ತಿಳಿದಿದ್ದರೆ 1500ರ ವೇಗದ ಪದರವನ್ನು ಕೈಯಾರೆ ಮಾದರಿಗೆ ಸೇರಿಸಿ ನೋಡಿ. ತಿಳಿಯದಿದ್ದರೆ ಆಳವನ್ನು ಒಂದೇ ಅಂಕಿಯಾಗಿ ಬರೆಯದೆ, ಅಂಥ ಪದರ ಇರಬಹುದಾದ ಗರಿಷ್ಠ ದಪ್ಪವನ್ನು ಲೆಕ್ಕ ಹಾಕಿ ವ್ಯಾಪ್ತಿಯಾಗಿ ಬರೆಯಿರಿ.

ಟೊಮೊಗ್ರಫಿ ಹೊಂದಿಕೆಗೆ ಬಾರದಿದ್ದಾಗ, ಮತ್ತು ಅತಿಯಾಗಿ ಹೊಂದಿದಾಗ

ಟೊಮೊಗ್ರಫಿ ಎಂದರೆ ನೆಲವನ್ನು ಸಣ್ಣ ಕೋಶಗಳಾಗಿ ವಿಂಗಡಿಸಿ ಪ್ರತಿಯೊಂದರ ವೇಗವನ್ನು ಮತ್ತೆ ಮತ್ತೆ ತಿದ್ದುತ್ತಾ ಹೋಗುವ ಇನ್ವರ್ಷನ್. ಪುನರಾವರ್ತನೆಗಳ ನಂತರವೂ ಆರ್‌ಎಂಎಸ್ ಇಳಿಯದಿದ್ದರೆ ಮೊದಲು ಆರಂಭಿಕ ಮಾದರಿಯನ್ನು ನೋಡಿ. ತಳದ ವೇಗವನ್ನು ತೀರಾ ಕಡಿಮೆ ಇಟ್ಟಿದ್ದರೆ ಅಥವಾ ಮಾದರಿಯ ಆಳ ಸಾಲದಿದ್ದರೆ ಕಿರಣಗಳು ಆಳಕ್ಕಿಳಿದು ತಿರುಗಿ ಬರಲು ಜಾಗವೇ ಇರುವುದಿಲ್ಲ. ಸಾಲಿನ ಉದ್ದದ ಮೂರನೇ ಒಂದರಷ್ಟು ಆಳದವರೆಗೆ, ಮೇಲೆ 400ರಿಂದ ಕೆಳಗೆ 4500ರವರೆಗೆ ಕ್ರಮವಾಗಿ ಏರುವ ವೇಗ ಒಳ್ಳೆಯ ಆರಂಭ. ಬಳಕೆದಾರರು ಮರೆತುಬಿಟ್ಟ ಗರಿಷ್ಠ ವೇಗದ ಮಿತಿಯೂ ಎಷ್ಟೋ ಸಲ ಕಾರಣವಾಗಿರುತ್ತದೆ. ನಕ್ಷೆಯ ತಳದಲ್ಲಿ ಒಂದೇ ಬಣ್ಣ ಅಗಲವಾಗಿ ಹಾಸಿದ್ದರೆ ಆ ಮಿತಿಗೆ ತಲೆ ತಾಗಿದೆ ಎಂದರ್ಥ. ಮೇಲ್ಭಾಗದ ಕೋಶಗಳು ಜಿಯೋಫೋನ್ ಅಂತರಕ್ಕಿಂತ ದೊಡ್ಡದಾಗಿದ್ದರೆ ಶಾಟ್‌ನ ಹತ್ತಿರದ ಕಾಲಗಳು ಎಂದಿಗೂ ಹೊಂದುವುದಿಲ್ಲ.

ಅತಿಯಾಗಿ ಹೊಂದುವುದು ಇದಕ್ಕಿಂತ ಕೆಟ್ಟದ್ದು. ಪಿಕ್‌ಗಳ ಅನಿಶ್ಚಿತತೆ 1 ಮಿಲಿಸೆಕೆಂಡ್ ಇರುವಾಗ ಆರ್‌ಎಂಎಸ್ 0.3ಕ್ಕೆ ಇಳಿದಿದ್ದರೆ ಮಾದರಿಯು ಗದ್ದಲವನ್ನೂ ಭೂರಚನೆಯಾಗಿ ಪರಿವರ್ತಿಸಿದೆ. ಪ್ರತಿ ಶಾಟ್‌ನ ಅಡಿಯಲ್ಲಿ ಕಣ್ಣಿನಾಕಾರದ ಹೆಚ್ಚು ಅಥವಾ ಕಡಿಮೆ ವೇಗದ ಕಲೆಗಳು ಕಂಡರೆ ಅವು ಟ್ರಿಗರ್‌ನ ಉಳಿದ ತಪ್ಪುಗಳೋ ಶಾಟ್‌ನ ಆಳವನ್ನು ಬರೆಯದಿರುವುದೋ ಆಗಿರುತ್ತದೆ. ನಯಗೊಳಿಸುವಿಕೆಯನ್ನು ಹೆಚ್ಚಿಸಿದರೆ ಕಲೆಗಳು ಮಾಯವಾಗುತ್ತವೆ, ತಪ್ಪು ಮಾತ್ರ ಸುತ್ತಲಿನ ಕೋಶಗಳಿಗೆ ಹರಡಿ ಉಳಿಯುತ್ತದೆ. ಕಿರಣಗಳು ಹಾಯದ ಭಾಗವನ್ನು, ವಿಶೇಷವಾಗಿ ಸಾಲಿನ ಎರಡು ತುದಿಗಳ ಕೆಳಗಿನ ತ್ರಿಕೋನಗಳನ್ನು, ನಕ್ಷೆಯಿಂದ ಮರೆಮಾಡಿಯೇ ಪ್ರಕಟಿಸಬೇಕು. ಟೊಮೊಗ್ರಫಿ ಚೂಪಾದ ಗಡಿಯನ್ನೂ ಕ್ರಮೇಣ ಬದಲಾಗುವ ವೇಗವಾಗಿ ಹರಡಿ ತೋರಿಸುವುದರಿಂದ ಶಿಲೆಯ ಮೇಲ್ಮೈಯನ್ನು ಒಂದೇ ವೇಗರೇಖೆಗೆ ಕಟ್ಟಿಹಾಕುವುದೂ ಸರಿಯಲ್ಲ. ಪದರ ವಿಧಾನದ ಆಳವನ್ನು ಅದರ ಮೇಲೆ ಎಳೆದು ಹೋಲಿಸಿ ನೋಡಬೇಕು.

ಯಾವುದೋ ಒಂದು ವೈಚಿತ್ರ್ಯ ನಿಜವೋ ಅಲ್ಲವೋ ಎಂಬ ಅನುಮಾನ ಉಳಿದಾಗ ಒಂದೊಂದೇ ಶಾಟ್ ಅನ್ನು ತೆಗೆದುಹಾಕಿ ಇನ್ವರ್ಷನ್ ಅನ್ನು ಮತ್ತೆ ನಡೆಸಿ. ಒಂದು ನಿರ್ದಿಷ್ಟ ಶಾಟ್ ಹೋದ ಕೂಡಲೇ ವೈಚಿತ್ರ್ಯವೂ ಹೋದರೆ ಅದು ಆ ಶಾಟ್‌ಗೆ ಸೇರಿದ್ದು. ಆ ಫೈಲನ್ನು ತೆರೆದು ಟ್ರಿಗರ್‌ನಿಂದ ಮತ್ತೆ ಪರಿಶೀಲಿಸಬೇಕು. ಯಾವ ಶಾಟ್ ತೆಗೆದರೂ ಅದೇ ಜಾಗದಲ್ಲಿ ನಿಂತು, ಬೇರೆ ಬೇರೆ ಆರಂಭಿಕ ಮಾದರಿಗಳಿಂದಲೂ ಅದೇ ಆಳದಲ್ಲಿ ಮೂಡಿದರೆ ಅದನ್ನು ವರದಿಯಲ್ಲಿ ಬರೆಯಬಹುದು. ವರದಿಯ ಜೊತೆಗೆ ಪ್ರತಿ ಶಾಟ್‌ಗೆ ಮಾಡಿದ ಕಾಲದ ತಿದ್ದುಪಡಿ, ಕೈಬಿಟ್ಟ ಪಿಕ್‌ಗಳ ಪಟ್ಟಿ, ಬಳಸಿದ ಫಿಲ್ಟರ್ ಮತ್ತು ಆರಂಭಿಕ ಮಾದರಿಯ ವಿವರಗಳನ್ನು ಲಗತ್ತಿಸಿ. ಮುಂದೆ ಅದೇ ಸಾಲಿನ ಮೇಲೆ ಕೊಳವೆ ಕೊರೆದಾಗ ಶಿಲೆ ಬೇರೆ ಆಳದಲ್ಲಿ ಸಿಕ್ಕರೆ, ಎಲ್ಲಿಂದ ಮತ್ತೆ ಲೆಕ್ಕ ಹಾಕಬೇಕೆಂದು ತಿಳಿಯಲು ಇನ್ನೊಬ್ಬರಿಗೆ ಬೇಕಾಗುವುದು ಅವೇ ಅಂಕಿಗಳು.